ಬನಹಟ್ಟಿಯಲ್ಲಿ ಮೊನೆ: ಬಳಕೆದಾರರ ಕೈಪಿಡಿ

ಮಾದರಿ: 6, 7 ಮತ್ತು 8ನೇ ತರಗತಿ. ಬಳಕೆಯ ವ್ಯಾಪ್ತಿ: ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ವಿದ್ಯುತ್: ಬೇಕಿಲ್ಲ, ಬೇಕಿದ್ದರೂ ಆ ಹೊತ್ತಿಗೆ ಇರುವುದಿಲ್ಲ.

ಪೆಟ್ಟಿಗೆ ತೆರೆಯುವ ಮುನ್ನ

ಅಭಿನಂದನೆಗಳು. ಚಿತ್ರಕಲೆ ಕಲಿಸುವ ಜವಾಬ್ದಾರಿ ನಿಮ್ಮ ಪಾಲಿಗೆ ಬಂದಿದೆ. ನೀವು ನಿಜವಾದ ಡ್ರಾಯಿಂಗ್ ಮಾಸ್ತರರೇ ಆಗಿರಬಹುದು. ಎಷ್ಟೋ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಆ ಹುದ್ದೆಯೇ ಇಲ್ಲವಾದ್ದರಿಂದ, ಹಿಂದಿಯನ್ನೋ ಸಮಾಜ ವಿಜ್ಞಾನವನ್ನೋ ಕಲಿಸಿಕೊಂಡಿದ್ದ ನಿಮ್ಮನ್ನು “ನಿಮ್ಮ ಅಕ್ಷರ ಭಾಳ ಚಂದ ಅದಾವ್ರೀ” ಎಂಬ ಒಂದೇ ಅರ್ಹತೆಯ ಮೇಲೆ ಈ ಕುರ್ಚಿಗೆ ತಂದು ಕೂರಿಸಿರಲೂಬಹುದು. ಇಬ್ಬರಿಗೂ ಕೈಪಿಡಿ ಇದೇ. ಪಾಲಿಸಿದರೆ ವರ್ಷದ ಕೊನೆಗೆ ನಿಮ್ಮ ಮಕ್ಕಳು ತಾವೇ ಕೊರೆದ ಅಚ್ಚಿನಿಂದ ಚಿತ್ರ ತೆಗೆಯುತ್ತಾರೆ, ಫ್ರಾನ್ಸಿನ ಇಂಪ್ರೆಷನಿಸ್ಟ್ ಚಿತ್ರಕಾರರ ರೀತಿಯಲ್ಲಿ ಬೆಳಕಿಗೆ ಬಣ್ಣ ಹಚ್ಚುತ್ತಾರೆ. ಪಾಲಿಸದಿದ್ದರೆ ಹೂದಾನಿ ಬಿಡಿಸುತ್ತಾರೆ.

ಶುರು ಮಾಡುವ ಮೊದಲು, ತಯಾರಕರು ಪ್ರತಿ ಮಗುವಿನೊಳಗೂ ತುಂಬಿ ಕಳಿಸಿರುವ ಒಂದು ಚಿತ್ರವನ್ನು ಹೊರತೆಗೆಯಬೇಕು. ಎರಡು ತ್ರಿಕೋನ ಗುಡ್ಡ, ನಡುವೆ ಅರ್ಧ ಸೂರ್ಯ, ಅಲ್ಲಿಂದಲೇ ಹೊರಟು ಕಾಗದದ ತುದಿಗೆ ಬಂದು ನಿಲ್ಲುವ ನದಿ, ದಂಡೆಯಲ್ಲಿ ಒಂದು ಗುಡಿಸಲು, ಒಂದು ತೆಂಗಿನಮರ, ಆಕಾಶದಲ್ಲಿ ಮೂರಂಕಿಯನ್ನು ಮಲಗಿಸಿದ ನಾಲ್ಕು ಹಕ್ಕಿ. ಬಾಗಲಕೋಟೆ ಜಿಲ್ಲೆಯ ಮಗುವೂ ಇದನ್ನೇ ಬಿಡಿಸುತ್ತದೆ. ಜಮಖಂಡಿಯ ಗುಡ್ಡಕ್ಕೆ ಅಂಥ ಮೊನಚು ತಲೆ ಇಲ್ಲ. ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ. ಇಲ್ಲಿಗೆ ಬರುವ ಹೊತ್ತಿಗೆ ಅಗಲವಾಗಿ, ಕಂದಾಗಿ, ನಿಧಾನವಾಗಿ ಬರುತ್ತಾಳೆ. ಆದರೂ ಚಿತ್ರವನ್ನು ಬಲವಂತವಾಗಿ ಕಿತ್ತುಕೊಳ್ಳಬೇಡಿ. ಒಂದು ಸಲ ಬಿಡಿಸಲಿ, ಮನೆಗೆ ಒಯ್ಯಲಿ, ಅವ್ವನಿಗೆ ತೋರಿಸಲಿ. ಎರಡನೆಯ ವಾರದಿಂದ ಅದಕ್ಕೆ ನಿಷೇಧ.

ಬಿಡಿಭಾಗಗಳು

ಲಿನೋಲಿಯಂ ಹಾಳೆ, ಕೊರೆಯುವ ಉಳಿ, ಮುದ್ರಣದ ಮಸಿ, ರೋಲರು, ಒತ್ತುಯಂತ್ರ. ಪಟ್ಟಿ ನೋಡಿದ ಕೂಡಲೇ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಕರೆಯಬೇಡಿ. ಆ ಸಭೆಯಲ್ಲಿ ಮೊದಲು ಕಂಪೌಂಡ್ ಗೋಡೆಯ ವಿಷಯ ಬರುತ್ತದೆ, ಆಮೇಲೆ ನೀರಿನ ಟಾಕಿಯದು, ಆಮೇಲೆ ಚಹಾ.

ಇದರಲ್ಲಿ ಅರ್ಧ ಸಾಮಾನಿನ ಮೂಲ ನಿಮ್ಮೂರ ಹೊಲದಲ್ಲಿದೆ. ಲಿನೋಲಿಯಂ ಎಂಬ ನೆಲಹಾಸಿಗೆ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಪೇಟೆಂಟ್ ಪಡೆದದ್ದು 1860ರ ದಶಕದಲ್ಲಿ. ಗಾಳಿಗೊಡ್ಡಿ ಗಟ್ಟಿ ಮಾಡಿದ ಅಗಸೆ ಎಣ್ಣೆಗೆ ಕಾರ್ಕಿನ ಪುಡಿ ಬೆರೆಸಿ ಬಟ್ಟೆಯ ಮೇಲೆ ಒತ್ತಿದರೆ ಅದು ಲಿನೋಲಿಯಂ. ಕಾಯಿಸಿ ದಪ್ಪ ಮಾಡಿದ ಅಗಸೆ ಎಣ್ಣೆಯಲ್ಲಿ ದೀಪದ ಕಾಡಿಗೆ ಅರೆದರೆ ಅದು ಮುದ್ರಣದ ಮಸಿ. ಅದೇ ಎಣ್ಣೆಯಲ್ಲಿ ಬಣ್ಣದ ಪುಡಿ ಅರೆದರೆ ತೈಲವರ್ಣ. ಅಗಸೆ ಎಣ್ಣೆ ಆಮ್ಲಜನಕ ಹೀರಿಕೊಂಡು ತಾನಾಗಿ ಗಟ್ಟಿಯಾಗುತ್ತದೆ. ಶೇಂಗಾ ಎಣ್ಣೆಗೆ ಆ ಗುಣವಿಲ್ಲ. ಯುರೋಪಿನ ಶತಮಾನಗಳ ಚಿತ್ರಕಲೆ ನಿಂತಿರುವುದು ನೀವು ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿ ಹಿಂಡಿಯ ಮೇಲೆ ಎಂದು ತರಗತಿಯಲ್ಲಿ ಹೇಳಿ. ಯಾರೂ ನಂಬುವುದಿಲ್ಲ. ಮರುದಿನ ಡಬ್ಬಿಯಲ್ಲಿ ಹಿಂಡಿ ತಂದು ಕೊಡುತ್ತಾರೆ. ತಿನ್ನಿ.

ಎಚ್ಚರಿಕೆ (ಇದು ತಮಾಷೆಯಲ್ಲ): ಅಗಸೆ ಎಣ್ಣೆ ಒರೆಸಿದ ಅರಿವೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಗಟ್ಟಿಯಾಗುವಾಗ ಎಣ್ಣೆ ಶಾಖ ಬಿಡುತ್ತದೆ. ಶಾಖ ಹೊರಹೋಗಲು ದಾರಿ ಇಲ್ಲದಿದ್ದರೆ ಯಾರೂ ಕಡ್ಡಿ ಗೀರದೆ ಬೆಂಕಿ ಹತ್ತುತ್ತದೆ. ಬಿಡಿಸಿ, ಹರವಿ ಒಣಗಿಸಿ. ಮಕ್ಕಳ ಕೈಗಂತೂ ನೀರಿನಲ್ಲಿ ಕಲಸುವ ಬಣ್ಣವೇ ಸಾಕು.

ಇನ್ನು ಕುಸುಬಿ. ಹಿಂಗಾರಿನ ಎರೆ ಹೊಲದಲ್ಲಿ ಮುಳ್ಳು ಹೊತ್ತು ನಿಂತು, ಹಳದಿಯಿಂದ ಕೆಂಪಿಗೆ ತಿರುಗುವ ಆ ಹೂವಿನ ಎಸಳಲ್ಲಿ ಎರಡು ಬಣ್ಣವಿರುತ್ತವೆ. ಹಳದಿಯನ್ನು ನೀರಿನಲ್ಲಿ ತೊಳೆದು ಚೆಲ್ಲಿ, ಉಳಿದದ್ದಕ್ಕೆ ಕ್ಷಾರ ಕೂಡಿಸಿದರೆ ಕೆಂಪು ಬಿಡುತ್ತದೆ. ಜಪಾನಿನ ಮರದಚ್ಚಿನ ಚಿತ್ರಗಾರರು ತಮ್ಮ ಚಿತ್ರಗಳ ಗುಲಾಬಿಗೆ, ನಸುಗೆಂಪಿಗೆ ಬಳಸುತ್ತಿದ್ದುದು ಕುಸುಬಿ ಹೂವಿನ ಈ ಬಣ್ಣವನ್ನೇ. ಆ ಚಿತ್ರಗಳು ಹತ್ತೊಂಬತ್ತನೇ ಶತಮಾನದ ಎರಡನೆಯ ಅರ್ಧದಲ್ಲಿ ಪ್ಯಾರಿಸ್ಸಿಗೆ ಬಂದಾಗ ಚಿತ್ರಕಾರರು ಮುಗಿಬಿದ್ದು ಕೊಂಡರು. ಇಂಪ್ರೆಷನಿಸ್ಟರಲ್ಲೊಬ್ಬನಾದ ಕ್ಲಾದ್ ಮೊನೆ ಕೂಡಿಹಾಕಿದ್ದು ಇನ್ನೂರಕ್ಕೂ ಹೆಚ್ಚು. ಜಿವರ್ನಿಯ ಅವನ ಮನೆಯ ಗೋಡೆಗಳ ತುಂಬ ಅವೇ. ದೂರದ್ದನ್ನು ಹತ್ತಿರದ್ದನ್ನು ಒಂದೇ ಚಪ್ಪಟೆ ಬಣ್ಣದಲ್ಲಿ ಇಡುವುದು, ಸೇತುವೆಯನ್ನು ಅರ್ಧಕ್ಕೇ ಕತ್ತರಿಸಿ ಚೌಕಟ್ಟಿನಾಚೆ ಬಿಟ್ಟುಬಿಡುವುದು ಇವೆಲ್ಲ ಇಂಪ್ರೆಷನಿಸ್ಟರು ಅಚ್ಚಿನ ಚಿತ್ರಗಳಿಂದ ಕಲಿತ ಪಾಠ. ಹಾಗಾಗಿ ಅಚ್ಚನ್ನು ಒಂದು ಪಾಠವಾಗಿಯೂ ಇಂಪ್ರೆಷನಿಸಂ ಅನ್ನು ಬೇರೆ ಪಾಠವಾಗಿಯೂ ಮಾಡುವ ಅಗತ್ಯವಿಲ್ಲ. 1890ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಜಪಾನಿ ಅಚ್ಚುಗಳ ದೊಡ್ಡ ಪ್ರದರ್ಶನ ನೋಡಿ ಬಂದ ಚಿತ್ರಕಾರ್ತಿ ಮೇರಿ ಕ್ಯಾಸಟ್, ಮರುವರ್ಷವೇ ಬಣ್ಣದ ಹತ್ತು ಅಚ್ಚುಚಿತ್ರ ತೆಗೆದಳು. ಮಗುವಿಗೆ ಸ್ನಾನ ಮಾಡಿಸುವುದು, ಬಟ್ಟೆಯ ಅಳತೆ ನೋಡುವುದು, ಲಕೋಟೆಯನ್ನು ನಾಲಿಗೆಯಿಂದ ಅಂಟಿಸುವುದು: ವಿಷಯ ಅಷ್ಟೇ.

ಪರ್ಯಾಯ ಬಿಡಿಭಾಗಗಳು: ಲಿನೋಲಿಯಂ ಬದಲು ಸವೆದ ಹವಾಯಿ ಚಪ್ಪಲಿಯ ಅಟ್ಟೆ, ಕಟ್ಟಿಗೆ ತುಂಡಿಗೆ ಅಂಟಿಸಿದ ಸೈಕಲ್ ಟ್ಯೂಬು, ರಬ್ಬರು, ಬಟಾಟಿ. ರೋಲರಿನ ಬದಲು ಲಟ್ಟಣಿಗೆ. ಮನೆಯಲ್ಲಿ ಕೇಳಿ ತರಲು ಹೇಳಿ, ಕೇಳದೆ ತಂದರೆ ಜವಾಬ್ದಾರಿ ನಿಮ್ಮದಲ್ಲ. ಒತ್ತುಯಂತ್ರದ ಬದಲು ಸ್ಟೀಲಿನ ಚಮಚದ ಬೆನ್ನು: ಕಾಗದದ ಮೇಲೆ ಗೋಲಾಗಿ ಉಜ್ಜಬೇಕು. ಯಾರಾದರೂ ಬುದ್ಧಿವಂತ ಹುಡುಗ ಬಸ್‌ಸ್ಟ್ಯಾಂಡಿನ ಕಬ್ಬಿನ ಹಾಲಿನ ಯಂತ್ರವನ್ನು ಸೂಚಿಸುತ್ತಾನೆ. ತತ್ವ ಸರಿ. ಎರಡು ಉರುಳೆಯ ನಡುವಿನ ಒತ್ತಡದಿಂದಲೇ ಎಚಿಂಗ್ ಯಂತ್ರವೂ ನಡೆಯುವುದು. ಹುಡುಗನನ್ನು ಹೊಗಳಿ, ಯಂತ್ರದ ಹತ್ತಿರ ಬಿಡಬೇಡಿ.

ಜೋಡಣೆ: ಅಚ್ಚು

ಹೊಸ ವಿದ್ಯೆ ಕಲಿಸುತ್ತಿದ್ದೇನೆ ಎಂಬ ಗತ್ತು ಬೇಡ. ಶಾಲೆ ಶುರುವಾಗಿ ಸ್ವಲ್ಪ ದಿನಕ್ಕೇ ಕಾರ ಹುಣ್ಣಿಮೆ. ಎತ್ತಿನ ಮೈಮೇಲೆ ಬಟ್ಟಲ ಬಾಯಿ ಅದ್ದಿ ಬಣ್ಣದ ಸುತ್ತು ಒತ್ತಿದ ಕೈಗಳೇ ಸೋಮವಾರ ನಿಮ್ಮ ಮುಂದೆ ಕೂತಿರುತ್ತವೆ. ಗೌರಿ ಹುಣ್ಣಿಮೆಯ ಸಕ್ಕರೆ ಆರತಿಗೆ ಕಟ್ಟಿಗೆಯ ಅಚ್ಚಿನಲ್ಲಿ ಪಾಕ ಹೊಯ್ದು ಆನೆ, ನವಿಲು, ತೇರು ತೆಗೆಯುವುದನ್ನು ಅವು ನೋಡಿವೆ, ತೇರಿನ ಗಾಲಿ ಮುರಿದು ತಿಂದಿವೆ. ಕೊರೆದ ಕಡೆ ಉಬ್ಬು, ಉಬ್ಬಿದ ಕಡೆ ತಗ್ಗು ಎಂಬುದನ್ನು ಹಲಗೆಯ ಮೇಲೆ ಚಿತ್ರ ಬರೆದು ವಿವರಿಸುವ ತೊಂದರೆ ತಪ್ಪಿತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದದ್ದು ಕಲ್ಲಚ್ಚಿನಲ್ಲಿ ಎಂಬುದನ್ನೂ ಹೇಳಿಬಿಡಿ. ನಮ್ಮ ಪತ್ರಿಕೋದ್ಯಮವೇ ಒಂದು ಅಚ್ಚುಚಿತ್ರದಿಂದ ಆರಂಭವಾಯಿತು.

ಮೊದಲ ವಾರ ತಮ್ಮ ಹೆಸರನ್ನೋ ಊರಿನ ಹೆಸರನ್ನೋ ಕೊರೆಯಲು ಕೊಡಿ. ಎಲ್ಲರೂ ನೇರಕ್ಕೇ ಕೊರೆಯುತ್ತಾರೆ. ಮಸಿ ಹಚ್ಚಿ ಒತ್ತಿದಾಗ ‘ರಬಕವಿ’ ಎಂದು ಕೊರೆದವನ ಕಾಗದದ ಮೇಲೆ ಊರು ಬಲದಿಂದ ಎಡಕ್ಕೆ, ಒಂದೊಂದು ಅಕ್ಷರವೂ ಮಗ್ಗುಲು ತಿರುಗಿಸಿ ಮೂಡುತ್ತದೆ. ಈ ಫಜೀತಿಯನ್ನು ಮುಂಚೆಯೇ ಹೇಳಿ ತಪ್ಪಿಸಬೇಡಿ. ನೀವು ಹತ್ತು ಸಲ ಹೇಳಿದರೂ ತಲೆಗಿಳಿಯದ ಕನ್ನಡಿಯ ನಿಯಮ, ತನ್ನ ಹೆಸರು ತಿರುವು ಮುರುವಾದಾಗ ಒಂದೇ ಏಟಿಗೆ ಇಳಿಯುತ್ತದೆ.

ಉಳಿ ಹಿಡಿಯುವ ನಿಯಮ ಒಂದೇ: ಇನ್ನೊಂದು ಕೈ ಯಾವಾಗಲೂ ಅಲಗಿನ ಹಿಂದೆ. ನಿಜವಾದ ಲಿನೋಲಿಯಂ ಸಿಕ್ಕಿದ್ದರೆ, ಅದು ಬೆಚ್ಚಗಾದಾಗ ಮೆತ್ತಗಾಗಿ ಸಲೀಸಾಗಿ ಕೊರೆಯಲು ಬರುತ್ತದೆ. ತಣ್ಣನೆಯ ದೇಶಗಳಲ್ಲಿ ಇದಕ್ಕೆ ಹೀಟರು ಬಳಸುತ್ತಾರೆ. ಬೀಳಗಿಯಲ್ಲಿ ಮಾರ್ಚ್ ತಿಂಗಳ ಕಟ್ಟೆಯ ಮೇಲೆ ಎರಡು ನಿಮಿಷ ಇಡಿ. ಮೂರು ನಿಮಿಷ ಇಡಬೇಡಿ. ಅದೇ ಬಿಸಿಲು ಬಣ್ಣವನ್ನೂ ಒಣಗಿಸಿಬಿಡುತ್ತದೆ, ಆದ್ದರಿಂದ ಪೋಸ್ಟರ್ ಕಲರಿಗೆ ಎರಡು ಹನಿ ಗ್ಲಿಸರಿನ್ ಹಾಕಿ.

ಜೋಡಣೆ: ಬೆಳಕು

1872ರಲ್ಲಿ ಮೊನೆ ಲೆ ಹಾವ್ರ್ ಬಂದರಿನ ಬೆಳಗನ್ನು ಬರೆದ. 1874ರಲ್ಲಿ ಅದನ್ನು ಪ್ಯಾರಿಸ್ಸಿನಲ್ಲಿ ಛಾಯಾಗ್ರಾಹಕ ನಾದಾರನ ಹಳೆಯ ಸ್ಟುಡಿಯೋದಲ್ಲಿ ಗೆಳೆಯರೊಂದಿಗೆ ಪ್ರದರ್ಶನಕ್ಕಿಟ್ಟ. ಲೂಯಿ ಲೆರ್ವಾ ಎಂಬ ವಿಮರ್ಶಕ, ಚಿತ್ರದ ಹೆಸರಿನಲ್ಲಿದ್ದ ‘ಇಂಪ್ರೆಷನ್’ ಎಂಬ ಪದ ಹಿಡಿದು, ಗೋಡೆ ಕಾಗದದ ಕಚ್ಚಾ ನಕ್ಷೆಯೂ ಇದಕ್ಕಿಂತ ಪೂರ್ತಿಯಾಗಿರುತ್ತದೆ ಎಂಬರ್ಥದಲ್ಲಿ ಹಂಗಿಸಿದ. ಆ ಅಣಕದಿಂದಲೇ ಪಂಥಕ್ಕೆ ಹೆಸರಾಯಿತು. ಇತಿಹಾಸ ಇಷ್ಟು ಸಾಕು.

ಚಿತ್ರವನ್ನು ಮಕ್ಕಳಿಗೆ ತೋರಿಸಲು ನೀವು ಝೆರಾಕ್ಸ್ ಮಾಡಿಸುತ್ತೀರಿ. ಮಾಡಿಸಲೇಬೇಕು. ಕಪ್ಪು ಬಿಳುಪಿನ ಹಾಳೆ ಹಂಚಿದ ಅರ್ಧ ನಿಮಿಷಕ್ಕೆ ಹಿಂದಿನ ಬೆಂಚಿನಿಂದ ಪ್ರಶ್ನೆ ಬರುತ್ತದೆ: “ಸರ, ಸೂರ್ಯ ಎಲ್ಲ್ಯದಾನ್ರೀ?”

ಝೆರಾಕ್ಸ್ ಅಂಗಡಿಯವರನ್ನು ಬೈಯಬೇಡಿ. ಆ ಚಿತ್ರದ ಕಿತ್ತಳೆ ಸೂರ್ಯನೂ ಸುತ್ತಲಿನ ಬೂದುನೀಲಿ ಆಕಾಶವೂ ಪ್ರಖರತೆಯಲ್ಲಿ ಹೆಚ್ಚುಕಡಿಮೆ ಒಂದೇ. ಬಣ್ಣ ತೆಗೆದರೆ ಸೂರ್ಯ ಕರಗಿಹೋಗುತ್ತಾನೆ. ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ಇದನ್ನು ವಿವರಿಸಿದ್ದಾರೆ: ನಮ್ಮ ಮಿದುಳಿನಲ್ಲಿ ಬೆಳಕಿನ ಏರಿಳಿತ ಗುರುತಿಸುವ ಭಾಗಕ್ಕೆ ಈ ಸೂರ್ಯ ಕಾಣುವುದೇ ಇಲ್ಲ, ಬಣ್ಣ ಗುರುತಿಸುವ ಭಾಗಕ್ಕೆ ಮಾತ್ರ ಕಾಣುತ್ತಾನೆ, ಅದಕ್ಕೇ ಅವನು ಮಿಣುಗುತ್ತಾನೆ. ಈಗ ಮೊಬೈಲಿನಲ್ಲಿ ಬಣ್ಣದ ಚಿತ್ರ ತೋರಿಸಿ. ಎರಡು ರೂಪಾಯಿಯ ಝೆರಾಕ್ಸು ಇಷ್ಟು ಕಲಿಸುತ್ತದೆ. ಪ್ರೊಜೆಕ್ಟರ್ ಇರುವ ಶಾಲೆಗಳಿಗೆ ಈ ಅದೃಷ್ಟವಿಲ್ಲ.

ನೇಕಾರರ ಊರಾದ ಬನಹಟ್ಟಿಯವರು ಮುಂದಿನ ಭಾಗವನ್ನು ಓದದೆ ದಾಟಿದರೂ ನಡೆದೀತು, ಅವರಿಗೆ ಗೊತ್ತಿರುವುದೇ. 1824ರಲ್ಲಿ ಮಿಶೆಲ್ ಯೂಜೀನ್ ಶೆವ್ರೂಲ್ ಎಂಬ ರಸಾಯನಶಾಸ್ತ್ರಜ್ಞ ಪ್ಯಾರಿಸ್ಸಿನ ಗೋಬೆಲಾಂ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ ಮುಖ್ಯಸ್ಥನಾಗಿ ಬಂದ. ಅವನ ಮುಂದೆ ಬಂದ ತಕರಾರುಗಳಲ್ಲೊಂದು, ಕಪ್ಪು ನೂಲು ಸರಿಯಿಲ್ಲ ಎಂಬುದು. ನೀಲಿ, ನೇರಳೆ ಬಟ್ಟೆಯ ನೆರಳಿಗೆ ಹಾಕಿದ ಕಪ್ಪು ಸತ್ತುಹೋಗಿ ಕಾಣುತ್ತದೆ, ಬಣ್ಣದವರು ಮೋಸ ಮಾಡುತ್ತಿದ್ದಾರೆ ಎಂದು ನೇಯುವವರ ಗುಮಾನಿ. ಈ ಜಗಳ ಇವತ್ತಿಗೂ ಯಾವ ನೇಕಾರರ ಊರಿನಲ್ಲಾದರೂ ನಡೆಯಬಹುದಾದದ್ದು. ಒಬ್ಬ ನೂಲು ಎತ್ತಿ ಹಿಡಿಯುತ್ತಾನೆ, ಇನ್ನೊಬ್ಬ ಬಣ್ಣದ ಕೊಪ್ಪರಿಗೆಯ ಕಡೆ ಕೈ ತೋರಿಸುತ್ತಾನೆ, ಮೂರನೆಯವನು ಚಹಾ ತರಿಸುತ್ತಾನೆ. ಶೆವ್ರೂಲ್ ಬೇರೆಡೆಯ ಕಪ್ಪು ನೂಲಿಗೆ ಹೋಲಿಸಿ ನೋಡಿದ. ನೂಲಿನಲ್ಲಿ ದೋಷವಿರಲಿಲ್ಲ. ಪಕ್ಕದ ನೀಲಿ ತನ್ನ ವಿರುದ್ಧ ಬಣ್ಣವಾದ ಕಿತ್ತಳೆಯ ಛಾಯೆಯನ್ನು ನೋಡುವವನ ಕಣ್ಣಿನಲ್ಲಿ ಎಬ್ಬಿಸಿ, ಕಪ್ಪನ್ನು ಮಂಕಾಗಿಸುತ್ತಿತ್ತು. ಪಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಿಸುತ್ತವೆ ಎಂಬ ಈ ನಿಯಮವನ್ನು ಅವನು 1839ರಲ್ಲಿ ಪುಸ್ತಕ ಮಾಡಿದ. ಚಿತ್ರಕಾರರು ಅದನ್ನು ಹಿಡಿದುಕೊಂಡರು. ನೆರಳಿನಲ್ಲಿ ನೀಲಿ, ಬಿಸಿಲಿನಲ್ಲಿ ಕಿತ್ತಳೆ, ಹಸಿರಿನ ನಡುವೆ ಕೆಂಪು ಚುಕ್ಕೆ ಎಂಬ ಇಂಪ್ರೆಷನಿಸ್ಟರ ಲೆಕ್ಕಾಚಾರದ ಬೇರು ಒಂದು ಬಣ್ಣದ ಮನೆಯಲ್ಲಿದೆ. ಶೆವ್ರೂಲ್ 102 ವರ್ಷ ಬದುಕಿ 1889ರಲ್ಲಿ ತೀರಿಕೊಂಡ. ತನ್ನ ನಿಯಮ ಚಿತ್ರವಾದದ್ದನ್ನು ನೋಡುವಷ್ಟು ಆಯುಷ್ಯ ಅವನಿಗಿತ್ತು.

ಪ್ರಯೋಗಕ್ಕೆ ಮಗ್ಗದ ಮನೆಯಿಂದ ಬಿಸಾಡುವ ತುಂಡು ನೂಲು ತರಿಸಿ. ಒಂದೇ ಬೂದು ಎಳೆಯನ್ನು ನೀಲಿ ಬಟ್ಟೆಯ ಮೇಲೊಮ್ಮೆ, ಹಳದಿಯ ಮೇಲೊಮ್ಮೆ ಇಟ್ಟು ತೋರಿಸಿ. ಹಾಸು ನೂಲಿಗೆ ಕೆಂಪು, ಹೊಕ್ಕು ನೂಲಿಗೆ ನೀಲಿ ಹಾಕಿದರೆ ಹತ್ತು ಹೆಜ್ಜೆ ದೂರದಿಂದ ಏನು ಕಾಣುತ್ತದೆ ಎಂದು ಕೇಳಿ. ಮನೆಯಲ್ಲಿ ಕಂಡಿಕೆ ಸುತ್ತುವ ಹುಡುಗಿ ನಿಮ್ಮ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುತ್ತಾಳೆ. ಆಮೇಲೆ ಅವಳೇ ಪಾಠ ಮಾಡಲಿ, ನೀವು ಹಾಜರಿ ತುಂಬಿ.

ಈಗ ಹೊರಗೆ ಹೋಗಿ. ಕಪ್ಪು ಸ್ಕೆಚ್ ಪೆನ್ನು, ಸ್ಕೇಲು, ರಬ್ಬರು ಮೂರನ್ನೂ ತರಗತಿಯಲ್ಲೇ ಇಟ್ಟು ಬೀಗ ಹಾಕಿ. ಇಂಪ್ರೆಷನಿಸ್ಟರು ಕಪ್ಪನ್ನು ಆದಷ್ಟು ದೂರವಿಟ್ಟರು ಎಂದೊಡನೆ ಜಮಖಂಡಿಯ ರೈತರ ಮಗ ಎದ್ದು ನಿಲ್ಲುತ್ತಾನೆ: “ಎರಿ ಮಣ್ಣ ಕರೇದ ಐತಲ್ರೀ ಸರ, ಅದಕ್ಕೇನ್ ಮಾಡೂದ?” ಒಳ್ಳೆಯ ಪ್ರಶ್ನೆ, ಕೈಪಿಡಿಯಲ್ಲಿ ಸಿದ್ಧ ಉತ್ತರವಿಲ್ಲ. ಅವನನ್ನು ಹೊಲಕ್ಕೆ ಕರೆದೊಯ್ದು ನಿಲ್ಲಿಸಿ. ನೀರು ಹಾಯಿಸಿದ ಸಾಲು ನೇರಳೆ, ಬಿರುಕಿನ ಅಂಚು ಬೂದಿ, ನೇಗಿಲು ಮಗುಚಿದ ಹೆಂಟೆಯ ಮೇಲೆ ಆಕಾಶದ ನೀಲಿ, ಸಂಜೆ ಐದಕ್ಕೆ ಅದೇ ಹೆಂಟೆಗೆ ತಾಮ್ರದ ಬಣ್ಣ. ಅವನೇ ಹುಡುಕಲಿ.

ಮೊನೆ 1890–91ರಲ್ಲಿ ಮನೆ ಪಕ್ಕದ ಹೊಲದ ಬಣವೆಗಳನ್ನು ಬೇರೆ ಬೇರೆ ಹೊತ್ತಿನಲ್ಲಿ, ಹಿಮದಲ್ಲಿ, ಬಿಸಿಲಲ್ಲಿ ಮತ್ತೆ ಮತ್ತೆ ಬರೆದ. ಹದಿನೈದನ್ನು ಒಟ್ಟಿಗೆ ಪ್ರದರ್ಶನಕ್ಕಿಟ್ಟ. ನಮ್ಮಲ್ಲಿ ಕಬ್ಬು ಬಂದು ಜೋಳದ ಕಣಿಕೆಯ ಬಣವೆ ಕಡಿಮೆಯಾಗಿದೆ. ಬದಲಿಗೆ ಕಟಾವಾದ ಹೊಲದಲ್ಲಿ ರವದಿಗೆ, ಅಂದರೆ ಕಬ್ಬಿನ ಒಣಗರಿಗೆ, ಹಚ್ಚಿದ ಬೆಂಕಿ ಇದೆ, ಮಹಾಲಿಂಗಪುರದ ಸುತ್ತಲಿನ ಬೆಲ್ಲದ ಗಾಣಗಳ ಹೊಗೆ ಇದೆ. ಚಳಿಗಾಲದ ಬೆಳಗ್ಗೆ ಆ ಹೊಗೆಯ ಹಿಂದೆ ಏಳುವ ಸೂರ್ಯ ಲೆ ಹಾವ್ರ್ ಬಂದರಿನವನಿಗಿಂತ ಕಳಪೆಯೇನಲ್ಲ. (ರವದಿ ಸುಡುವುದು ಹೊಲಕ್ಕೂ ಎದೆಗೂ ಕೆಟ್ಟದ್ದು. ಚಿತ್ರ ಬರೆಯಿರಿ, ವಿಜ್ಞಾನದ ಪೀರಿಯಡ್‌ನಲ್ಲಿ ಬೈಯಿರಿ.)

ಮುಧೋಳದವರಿಗೆ ಬೇರೆ ಪಾಠ. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಅಂಚೆಚೀಟಿ ಹೊರಡಿಸಿತು, ಅಂದರೆ ಅದರ ಅಚ್ಚುಚಿತ್ರ ಆಗಲೇ ಆಗಿದೆ. ನಿಮ್ಮ ಮಕ್ಕಳು ಓಡುವ ನಾಯಿಯನ್ನು ಬರೆಯಲಿ, ಹೊರಗೆರೆ ಇಲ್ಲದೆ, ಆರೇ ಕುಂಚದೇಟಿನಲ್ಲಿ. ಏಳನೆಯ ಏಟಿಗೆ ನಾಯಿ ಲೋಕಾಪುರ ದಾಟಿರುತ್ತದೆ.

ಬೀಳಗಿಯಲ್ಲಿ ಆಲಮಟ್ಟಿಯ ಹಿನ್ನೀರು. ಮಳೆಗಾಲ ಮುಗಿದಾಗ ದಿಗಂತದವರೆಗೂ ನೀರು. ಬೇಸಿಗೆಗೆ ನೀರು ಹಿಂದೆ ಸರಿದಾಗ ಮುಳುಗಿದ ಊರುಗಳ ಪಾಯ, ಕಟ್ಟೆ, ಒಣಗಿದ ಮರ ಮೇಲೇಳುತ್ತವೆ. ಒಂದೇ ಜಾಗದಲ್ಲಿ ನಿಂತು ಅಕ್ಟೋಬರಿನಲ್ಲೊಂದು, ಮೇ ತಿಂಗಳಲ್ಲೊಂದು ಚಿತ್ರ ಬರೆಸಿ. ಪುನರ್ವಸತಿ ಕೇಂದ್ರದ ಮಕ್ಕಳಿದ್ದರೆ ಅಜ್ಜಿಯನ್ನೂ ಕರೆತರಲು ಹೇಳಿ. ಮನೆ ಎಲ್ಲಿತ್ತು ಎಂದು ಅವಳು ಬೆರಳು ತೋರಿಸಿದ ಕಡೆ ಮಗು ಬಣ್ಣ ಹಚ್ಚಲಿ. ಈ ಪಾಠದಲ್ಲಿ ಕೈಪಿಡಿಗೆ ತಮಾಷೆ ಮಾಡುವ ಅಧಿಕಾರವಿಲ್ಲ.

ಅಚ್ಚು, ಬೆಳಕು ಎರಡನ್ನೂ ಕೂಡಿಸುವುದು ಕೊನೆಗೆ. ತೊಳೆದ ಹಳೆಯ ಎಕ್ಸ್-ರೇ ಹಾಳೆಯ ಮೇಲೆ ಬಣ್ಣದಲ್ಲಿ ಬೇಗ ಚಿತ್ರ ಬರೆದು, ಒಣಗುವ ಮುಂಚೆ ಕಾಗದ ಒತ್ತಿ ಎತ್ತಿದರೆ ಮಾನೋಟೈಪ್. ಎರಡನೆಯ ಕಾಗದಕ್ಕೆ ಉಳಿದ ಬಣ್ಣ ಮಸುಕಾಗಿ ಬರುತ್ತದೆ. ಇಂಪ್ರೆಷನಿಸ್ಟರ ಬಳಗದ ದೆಗಾ ಅಂಥ ಮಸುಕು ಪ್ರತಿಯ ಮೇಲೆ ಪೇಸ್ಟಲ್ ತಿದ್ದಿ ಚಿತ್ರ ಮಾಡುತ್ತಿದ್ದ. ಎಕ್ಸ್-ರೇಯಲ್ಲಿ ಯಾರದಾದರೂ ಮೊಣಕಾಲು ಕಂಡರೆ ಗಾಬರಿಯಾಗಬೇಡಿ.

ದೋಷ ಮತ್ತು ಪರಿಹಾರ

ದೋಷ: ಬಣ್ಣದ ಎರಡನೆಯ ಅಚ್ಚು ಮೊದಲನೆಯದರ ಮೇಲೆ ಸರಿಯಾಗಿ ಕೂರಲಿಲ್ಲ, ಅಂಚಿನಲ್ಲಿ ಬಿಳಿ ಉಳಿಯಿತು. ಪರಿಹಾರ: ಇಂಪ್ರೆಷನಿಸಂ ಎನ್ನಿ.

ದೋಷ: ಮಗು ಮೂರು ನಿಮಿಷದಲ್ಲಿ ಮುಗಿಸಿ ಕೈ ತೊಳೆದು ಬಂದಿತು. ಪರಿಹಾರ: ಮೇಲಿನದೇ. ಎರಡನೆಯ ಸಲ ನಡೆಯುವುದಿಲ್ಲ.

ದೋಷ: ತಪಾಸಣೆಗೆ ಬಂದ ಅಧಿಕಾರಿ “ಇದೇನ್ರೀ, ಸೊಟ್ಟ ಬಂದೈತಿ” ಎಂದರು. ಪರಿಹಾರ: ಕಾಗದವನ್ನು ಹತ್ತು ಹೆಜ್ಜೆ ದೂರ ಒಯ್ದು ಹಿಡಿಯಿರಿ. ಇನ್ನೂ ಸೊಟ್ಟ ಎಂದರೆ ಇನ್ನೂ ಹತ್ತು ಹೆಜ್ಜೆ. ಗೇಟಿನವರೆಗೆ ಹೋಗಲು ಅಡ್ಡಿಯಿಲ್ಲ.

ದೋಷ: ಪ್ರತಿಭಾ ಕಾರಂಜಿ ಸ್ಪರ್ಧೆಯಲ್ಲಿ ಬಹುಮಾನ ಎರಡು ಗುಡ್ಡದ ಚಿತ್ರಕ್ಕೇ ಹೋಯಿತು. ಪರಿಹಾರ: ಲಭ್ಯವಿಲ್ಲ. ನನ್ನ ಅಭಿಪ್ರಾಯ ಕೇಳುವುದಾದರೆ, ತೀರ್ಪುಗಾರರ ಕೈಗೂ ಒಂದು ಚಪ್ಪಲಿ ಅಟ್ಟೆ, ಒಂದು ಉಳಿ ಕೊಟ್ಟು ಒಂದು ತಾಸು ಕೂರಿಸಬೇಕು.

ಖಾತರಿ

ಕೈಪಿಡಿಯ ಖಾತರಿ ಒಂದು ಷರತ್ತಿಗೆ ಒಳಪಟ್ಟಿದೆ. ವೇಳಾಪಟ್ಟಿಯಲ್ಲಿ ಚಿತ್ರಕಲೆ ಎಂದು ಬರೆದ ಪೀರಿಯಡ್ ಜನವರಿ ಬಂತೆಂದರೆ ಗಣಿತಕ್ಕೋ ಇಂಗ್ಲಿಷಿಗೋ ಹೋಗುತ್ತದೆ, ಮರಳಿ ಬರುವುದಿಲ್ಲ. ಮುಖ್ಯೋಪಾಧ್ಯಾಯರಲ್ಲಿ ವಿನಂತಿ: ಕುಸುಬಿ ಬಣ್ಣಕ್ಕೆ ತಿರುಗುವುದು, ಗಾಣದ ಹೊಗೆ ಏಳುವುದು, ಹಿನ್ನೀರಿನ ಮೇಲೆ ಮಂಜು ಕೂರುವುದು ಎಲ್ಲವೂ ಜನವರಿಯ ಆಸುಪಾಸಿನ ಎರಡು ಮೂರು ತಿಂಗಳಲ್ಲೇ. ಅಷ್ಟು ವಾರಗಳ ಪೀರಿಯಡ್ ಮಾಸ್ತರರ ಕೈಯಲ್ಲೇ ಬಿಡಿ. ಗಣಿತದವರಿಗೆ ಬೇಕಿದ್ದರೆ ಜುಲೈ ತಿಂಗಳದ್ದು ಕೊಡಿ, ಆಗ ಹೇಗೂ ಮೋಡ ಇರುತ್ತದೆ.